ಬಾಯಿ ಹೊಲಿದ ಜೇಬು

ಹಾಫ್‌ಮನ್ ಎಸ್ಟೇಟ್ಸ್,
ನವೆಂಬರ್ ೧೬, ಭಾನುವಾರ

ನಮ್ಮ ಯಜಮಾನರಿಗೆ ಪದ್ಮಳ ನಮಸ್ಕಾರ.

ರೀ, ಹೇಗಿದೀರಿ? ಮೊಣಕಾಲು ನೋವು ಹೇಗಿದೆ? ಶುಗರ್ ಟೆಸ್ಟ್ ಮಾಡಿಸಿದ್ರಾ, ಇಲ್ಲಾ ಹೋದ ತಿಂಗಳ ರಿಪೋರ್ಟನ್ನೇ ಮಗಳಿಗೆ ಓದಿ ಹೇಳಿದ್ರಾ? ನಿಮ್ಮ ಬುದ್ಧಿ ನಂಗೆ ಗೊತ್ತಿಲ್ವಾ! ಹೊಸ ಅಂಗಿ ಹೊಲಿದು ಕಳಿಸಿ ಜೇಬಿನ ಬಾಯಿಯನ್ನೂ ಹೊಲಿದುಬಿಟ್ಟಿದಾಳಲ್ಲ, ಇವಳಿಗೇನು ಅರಳುಮರಳಾ ಅಂತ ಬೈಕೊಂಡೇ ಬಿಚ್ಚಿರ್ತೀರಿ. ಏನು ಮಾಡ್ಲಿ, ಫೋನಲ್ಲಿ ಮಾತಾಡೋಣ ಅಂದ್ರೆ ಲಾವಣ್ಯ ಸ್ಪೀಕರ್ ಹಾಕಿ ಎದುರಿಗೇ ಕೂತಿರ್ತಾಳೆ. ಮೆಸೇಜು ಕಳಿಸಿದ್ರೆ ನೀವು ಕನ್ನಡಕ ಹುಡುಕೋ ಬದಲು ಎದುರುಮನೆ ರಘೋತ್ತಮರ ಕೈಲಿ ಓದಿಸ್ತೀರಿ. ಇಲ್ಲೇ ಎರಡು ಮನೆ ಆಚೆ ಅನುರಾಧಾ ಅಂತ ಹುಡುಗಿ ಇದಾಳೆ, ಅವಳ ಮಾವ ಮಂಗಳವಾರ ಮೈಸೂರಿಗೆ ಹೊರಟಿದಾರೆ. ಈ ಕಾಗದ ಜೇಬಲ್ಲಿಟ್ಟು ಹೊಲಿದು ಅಂಗಿ ಅವರ ಕೈಲಿ ಕೊಡ್ತೀನಿ. ಈಗ ಎಲ್ಲರೂ ಮಗೂನ ಕರಕೊಂಡು ಸಾಮಾನು ತರೋಕೆ ಹೋಗಿದಾರೆ, ಗಡಿಬಿಡೀಲಿ ಬರೀತಿದೀನಿ.

ಬಾಣಂತನಕ್ಕೆ ಅಂತ ಈ ಪರದೇಶಕ್ಕೆ ಬಂದೋಳು ನಾನು. ಜಾನ್ವಿಗೆ ಈಗ ಐದು ತಿಂಗಳು, ಬೋರಲು ಬೀಳ್ತಾಳೆ, ಥೇಟ್ ನಿಮ್ಮ ಹಾಗೇ ಹುಬ್ಬು ಗಂಟಿಕ್ಕಿ ನೋಡ್ತಾಳೆ. ಕೂಸು ಮಲಗಿದಾಗ ಸುಮ್ನೆ ಕೂರೋಕಾಗದೆ ನನ್ನ ಹಳೇ ಸೀರೇಲಿ ಅವಳಿಗೊಂದು ಕುಲಾವಿ ಹೊಲಿದು, ಹಣೆ ಮೇಲೆ ಬರೋ ಹಾಗೆ ಸರಪಳಿ ಹೊಲಿಗೇಲಿ ಎರಡು ಗಿಣಿ ಹಾಕಿದ್ದೆ. ನಾಮಕರಣಕ್ಕೆ ಬಂದವರೆಲ್ಲ ಆಂಟಿ ನಮಗೂ, ಆಂಟಿ ನಮಗೂ ಅಂತ ದುಂಬಾಲು ಬಿದ್ರು. ಸುಳ್ಯಾಕೆ ಹೇಳ್ಲಿ, ಖುಷಿಯಾಯ್ತು. ದೀಪಾವಳಿಗೆ ಹನ್ನೊಂದು ಸೀರೆಗೆ ಕುಚ್ಚು ಕಟ್ಟಿಕೊಟ್ಟೆ, ಒಂದಕ್ಕೆ ಮುತ್ತು ಪೋಣಿಸಿದ್ದೆ, ನೀವು ನೋಡಬೇಕಿತ್ತು. ಸೂಜಿ ಹಿಡಿದ್ರೆ ಊಟದ ಹೊತ್ತೂ ಮರೆತುಹೋಗುತ್ತೆ. ದಾರ ಮುಗೀತೋ, ನನ್ನ ಕಥೆ ಮುಗೀತು. ಮೈಸೂರಲ್ಲಾದ್ರೆ ಚಪ್ಪಲಿ ಮೆಟ್ಕೊಂಡು ಐದು ನಿಮಿಷಕ್ಕೆ ಅಂಗಡಿ. ಇಲ್ಲಿ ಅಂಗಡಿ ನಾಲ್ಕು ಮೈಲಿ, ಒಂದು ಉಂಡೆ ಹಸಿರು ದಾರಕ್ಕೆ ಶನಿವಾರದ ತನಕ ಕಾಯ್ಬೇಕು. ಮೊನ್ನೆ ಸ್ವಲ್ಪ ಗಾಳಿ ಆಡ್ಲಿ ಅಂತ ಬಾಗಿಲು ತೆಗೆದೆ, ಅಷ್ಟೆ. ಬಾಗಿಲಿಗೆ ಅದೇನೋ ಕೂರಿಸಿದಾರೆ, ಆಫೀಸಲ್ಲಿರೋ ಅಳಿಯಂಗೆ ಗೊತ್ತಾಗಿಬಿಡುತ್ತೆ. ‘ಅತ್ತೆ, ಎಲ್ಲಿಗೆ ಹೊರಟ್ರಿ? ಹೊರಗೆ ಇಪ್ಪತ್ತೆಂಟು ಡಿಗ್ರಿ ಇದೆ’ ಅಂತ ಪ್ರಜ್ವಲ್ ಫೋನು. ಇಲ್ಲಿನ ಲೆಕ್ಕದಲ್ಲಿ ಇಪ್ಪತ್ತೆಂಟು ಅಂದ್ರೆ ನೀರು ಹೆಪ್ಪುಗಟ್ಟೋ ಚಳಿ. ಪಾಪ, ಕಾಳಜಿಗೇ ಕೇಳಿದ್ದು. ನಾನು ಬಾಗಿಲು ಹಾಕ್ಕೊಂಡು ಬಂದು ಕೂತೆ.

ಹೋದ ವಾರ ಒಂದು ದೊಡ್ಡ ಪೆಟ್ಟಿಗೆ ಬಂತು. ನಂಗೇ ಅಂತೆ, ಕಂಪ್ಯೂಟರ್ ಇರೋ ಹೊಲಿಗೆ ಮಿಷನ್ನು. ಹೂವು ಒತ್ತಿದ್ರೆ ಹೂವು, ಬಳ್ಳಿ ಒತ್ತಿದ್ರೆ ಬಳ್ಳಿ, ತಾನೇ ಹಾಕುತ್ತೆ ರೀ! ಮೂರು ದಿನ ಅದರ ಮುಂದಿನಿಂದ ಎದ್ದಿಲ್ಲ. ನಾಲ್ಕನೇ ದಿನ ಲಾವಣ್ಯ, ‘ಅಮ್ಮಾ, ಇನ್ನಾರು ತಿಂಗಳು ಇದ್ದುಬಿಡು, ವೀಸಾ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿದೀನಿ’ ಅಂದ್ಲು. ಕೇಳಿದ್ದಲ್ಲ, ತಿಳಿಸಿದ್ದು. ಡಿಸೆಂಬರ್ ಹತ್ತರ ನನ್ನ ಟಿಕೆಟ್ಟನ್ನ ಈ ತಿಂಗಳ ಕೊನೇಲಿ ಮುಂದಕ್ಕೆ ಹಾಕಿಸ್ತಾಳಂತೆ. ಮಿಷನ್ನು ಈಗ ಬಾಯಲ್ಲಿರೋ ಬಿಸಿತುಪ್ಪ ಆಗಿದೆ. ಊರಿಗೆ ಹೋಗ್ಬೇಕು ಕಣೇ ಅಂದೆ. ‘ಅಲ್ಲೇನಿದೆ ನಿಂಗೆ ಅಂಥ ಕೆಲಸ? ಹೊಲಿಗೆ ತಾನೆ, ಇಲ್ಲೇ ಹೊಲಿ. ಅಪ್ಪನೂ ಪರವಾಗಿಲ್ಲ ಅಂದ್ರು’ ಅಂದ್ಲು. ಕೆಲಸಕ್ಕೆ ವಾಪಸ್ ಹೋದ ಮೊದಲ ದಿನ ಅವಳು ಕಾರಲ್ಲಿ ಕೂತು ಅತ್ತಿದ್ದನ್ನ ಕಿಟಕಿಯಿಂದ ನೋಡಿದೀನಿ, ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳೋಕೆ ಹೆತ್ತ ಕರುಳು ಬಿಡಲ್ಲ. ಇರೋಕೂ ನನ್ನ ಕೈಲಾಗ್ತಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ, ರಾತ್ರಿ ಮೊಸರು ಬೇಡ. ರಘೋತ್ತಮರ ಮನೆಯವರನ್ನೆಲ್ಲ ಕೇಳಿದೆ ಅಂತ ಹೇಳಿ.

ಇಂತು ನಿಮ್ಮ
ಪದ್ಮ

ಇನ್ನೊಂದು ಮಾತು: ನೀವು ಪರವಾಗಿಲ್ಲ ಅಂದಿದ್ದು ಮಗಳನ್ನ ನೋಯಿಸಬಾರದು ಅಂತಲೋ, ನಾನಿಲ್ದೇ ಇದ್ರೂ ನಿಜವಾಗ್ಲೂ ಪರವಾಗಿಲ್ಲವೋ, ಅದನ್ನ ನಾನು ಕೇಳಲ್ಲ. ಮೂವತ್ತೆಂಟು ವರ್ಷದಲ್ಲಿ ‘ನೀನು ಬೇಕು’ ಅಂತ ನೀವು ಒಂದ್ಸಲವೂ ಬಾಯಿಬಿಟ್ಟು ಅಂದಿಲ್ಲ, ನಾನೂ ಕೇಳಿಲ್ಲ. ಬರೋ ಭಾನುವಾರ ಲಾವಣ್ಯ ಫೋನ್ ಮಾಡಿದಾಗ, ‘ನಿಮ್ಮಮ್ಮ ಇಲ್ದೆ ನನ್ನ ಕೈಲಾಗಲ್ಲ, ಕಳಿಸಿಬಿಡು’ ಅನ್ನಿ. ನೀವು ಅಂದ್ರೆ ಅವಳು ಕಳಿಸ್ತಾಳೆ. ಸುಳ್ಳಾದ್ರೂ ಚಿಂತೆಯಿಲ್ಲ. ನಾನೂ ಅಲ್ಲೇ ಕೂತು ಕೇಳಿಸ್ಕೊಳ್ತಿರ್ತೀನಿ, ಒಂದ್ಸಲ ಹೇಳಿಬಿಡಿ.