ಒಂದು ಜೋಡಿ ಶಬ್ದವನ್ನು ನನಗಾಗಿ ಉಳಿಸಿಡಿ

ಮಾನ್ಯ ಕಾರ್ಮಿಕ ಕಲ್ಯಾಣ ಅಧಿಕಾರಿಗಳೇ,

ತಾವು ಮೊದಲು ನನ್ನ ಖುರ್ಚಿ ಕಿತ್ತುಕೊಂಡಿರಿ, ಹೇಗೋ ಸಹಿಸಿಕೊಂಡೆ. ಈಗ ನನ್ನ ಹೆಂಡತಿಯ ನಗುವನ್ನೂ ಕಿತ್ತುಕೊಂಡಿದ್ದೀರಿ. ಕಚೇರಿಗೆ ಬಂದು ಹೇಳಿದರೆ ಬೆನ್ನು ತಟ್ಟಿ ಕಳಿಸಿಬಿಡುತ್ತೀರೆಂದು ಗೊತ್ತಿರುವುದರಿಂದ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಖುರ್ಚಿಯ ವಿಷಯ ಮೊದಲು. ದಾಂಡೇಲಿಯ ಕಾಗದದ ಗಿರಣಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ನಾವು. ಕಾಗದ ಮಾಡುವವರು ನಾವೇ ಆದರೂ ಗಿರಣಿಯ ಹೊರಗಿನ ನೋಟೀಸು ಬೋರ್ಡಿಗೆ ಅಂಟಿಸುವ ಕಾಗದದ ಮೇಲಿನ ಇಂಗ್ಲಿಷು ನಮಗೆ ತಿಳಿಯುತ್ತಿರಲಿಲ್ಲ. ಮೆಟ್ರಿಕ್ಕಿನ ಹೊಸ್ತಿಲು ಮುಟ್ಟಿ ಮರಳಿದ ನಾನೊಬ್ಬನೇ ತಡವರಿಸುತ್ತ ಓದುತ್ತಿದ್ದೆ. ನೋಟೀಸು ಬಂದ ದಿನ ಎದುರಿನ ಚಹಾದಂಗಡಿಯ ಶೇಖಪ್ಪ ತನ್ನಲ್ಲಿದ್ದ ಒಂದೇ ಖುರ್ಚಿಯನ್ನು ಹೊರಗೆ ತಂದು, ಹೆಗಲ ವಸ್ತ್ರದಿಂದ ಒರೆಸಿ, "ಬರ್ರಿ ಮಲಕಪ್ಪನವರ, ಕುಂದರ್ರಿ. ಏನ ಬರದಾರ ಹೇಳ್ರಿ" ಎನ್ನುತ್ತಿದ್ದ. ಓದಿದವನಿಗೆ ಖುರ್ಚಿ, ಕೇಳುವವರಿಗೆ ಸಾಲಾಗಿ ಕೂರುವ ಮರದ ಬಾಕು. ಇದು ನಮ್ಮ ವಸತಿಯ ಪದ್ಧತಿಯಾಗಿತ್ತು.

ಆಗ ತಾವು ಬಂದಿರಿ. ಕಲ್ಯಾಣ ಕೇಂದ್ರದಲ್ಲಿ ಗಂಡಸರಿಗೆ ಸಂಜೆ, ಹೆಂಗಸರಿಗೆ ಮಧ್ಯಾಹ್ನ ಇಂಗ್ಲಿಷ್ ತರಗತಿ ತೆರೆದಿರಿ. ಅದರಲ್ಲೂ ಕೇಳಲು ಒಂದೇ ಆಗಿ ಅರ್ಥ ಬೇರೆಯಾಗುವ ಶಬ್ದಗಳನ್ನೇ ಆರಿಸಿ ಕಲಿಸಿದಿರಿ. ತಡೆಯುವುದೂ ಬ್ರೇಕು, ಮುರಿಯುವುದೂ ಬ್ರೇಕು. ವಾರವೂ ವೀಕು, ಅಶಕ್ತನೂ ವೀಕು. ಇಂಥ ಭಾಷೆಯನ್ನು ಸುಧಾರಿಸುವುದು ಬಿಟ್ಟು ನಮ್ಮನ್ನು ಸುಧಾರಿಸಲು ಹೊರಟಿರಲ್ಲ, ತಮ್ಮ ಧೈರ್ಯ ದೊಡ್ಡದು! ಈ ಗೊಂದಲವೇ ನನ್ನ ಮರ್ಯಾದೆಯ ಬಂಡವಾಳವಾಗಿತ್ತೆಂದು ತಮಗೆ ಯಾರೂ ಹೇಳಲಿಲ್ಲವೇ? ಈಗ ಬಿದಿರು ಇಳಿಸುವ ಮುದಕಪ್ಪನೂ ಬೋರ್ಡಿನ ಮುಂದೆ ನಿಂತು ತಾನೇ ಓದಿಕೊಳ್ಳುತ್ತಾನೆ. ಆ ಖುರ್ಚಿಯ ಮೇಲೆ ಶೇಖಪ್ಪನೇ ಕೂತು ಬೀಡಿ ಸೇದುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜಾಬಾಯಿ ಹಳಿಯಾಳದಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಕಲಿತವಳು. ನಾಲ್ಕು ಅಕ್ಷರ ಹೆಚ್ಚು ಕಲಿಯಲಿ ಎಂದು ನಾನೇ ತಮ್ಮ ತರಗತಿಗೆ ಕಳಿಸಿದೆ. ಒಂದು ದಿನ ಪಾಳಿ ಮುಗಿಸಿ ಕೇಂದ್ರದ ಹಾದಿಯಲ್ಲಿ ಬರುವಾಗ ಒಳಗಿನಿಂದ ನಗು ಕೇಳಿಸಿತು. ಹತ್ತಾರು ಹೆಂಗಸರ ನಗುವಿನಲ್ಲಿ ಒಂದು ಎಲ್ಲಕ್ಕಿಂತ ಮೇಲೆ ಹೋಗಿ, ಉಸಿರು ಸಿಕ್ಕಿಕೊಂಡು, ಮತ್ತೆ ಏಳುತ್ತಿತ್ತು. ಯಾರಪ್ಪಾ ಇವಳು ಎಂದು ಕಿಟಕಿಯಲ್ಲಿ ಇಣುಕಿದೆ. ನನ್ನ ಗಿರಿಜೆ! ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮದುವೆಯಾದಂದಿನಿಂದ ನನ್ನ ಯಾವ ಮಾತಿಗೂ ಆಕೆ ಹಾಗೆ ನಕ್ಕದ್ದಿಲ್ಲ.

ತಾವೋ, ದೊಡ್ಡವರ ಮನೆಯ ಊಟಕ್ಕೆ ಹೋದವನೊಬ್ಬ ಸೂಪು ಎನ್ನುವಲ್ಲಿ ಸೋಪು ಎಂದು ಕೇಳಿ, ಕೊಟ್ಟ ಸಾಬಾಣವನ್ನು ಚಮಚೆಯಿಂದ ಕೆರೆಯುವುದನ್ನು ನಟಿಸಿ ತೋರಿಸುತ್ತಿದ್ದಿರಿ. ತಮ್ಮನ್ನು ನೋಡಿ ಹೊಟ್ಟೆಕಿಚ್ಚು ಪಡಲು ಏನಿದೆ ಹೇಳಿ? ನಿವೃತ್ತಿಗೆ ಬಂದ ವಯಸ್ಸು, ಬೋಳು ತಲೆ, ದಾರ ಕಟ್ಟಿದ ಕನ್ನಡಕ. ಆದರೂ ಹೊಟ್ಟೆ ಉರಿಯಿತು. ಮುಚ್ಚಿಡುವುದೇನು, ಈ ಪತ್ರ ಬರೆಯುವಾಗಲೂ ಉರಿಯುತ್ತಿದೆ.

ಅಂದೇ ಊಟಕ್ಕೆ ಕೂರುವ ಮುಂಚೆ ನಾನೂ ಕೈ ಚಾಚಿ, ತಮ್ಮಂತೆಯೇ ಹುಬ್ಬು ಹಾರಿಸಿ, "ಏನ, ಸೂಪಿನಿಂದ ಕೈ ತೊಳೀಲೇನು?" ಎಂದೆ. ಆಕೆ ರೊಟ್ಟಿ ತಟ್ಟುತ್ತಲೇ ಹೇಳಿದಳು:

"ಸಾಬಾಣ ತೀರೇತಿ. ಬೂದಿ ಹಚ್ಚಿ ತೊಳಕೋರಿ."

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ತಮ್ಮ ಬಾಯಿಂದ ಬಂದರೆ ವಿನೋದ, ನನ್ನ ಬಾಯಿಂದ ಬಂದರೆ ಬೂದಿ!

ಕಳೆದ ವಾರ ಉಳಿದದ್ದೂ ಹೋಯಿತು. ಪಾಳಿ ಬದಲಾದ ಸುದ್ದಿ ಹೊತ್ತು ಮನೆಗೆ ಬಂದೆ. ಇಂಥ ಸುದ್ದಿಯನ್ನು ನಾನು ಚಪ್ಪಲಿ ಬಿಡುವ ಮೊದಲೇ ಹೇಳುವವನಲ್ಲ. ಆಕೆ ಎರಡು ಸಲ ಕೇಳಬೇಕು, ನೀರು ಕೊಡಬೇಕು, ಎದುರಿಗೆ ಕೂರಬೇಕು, ಆಮೇಲೆ ಹೇಳುವುದು. ಅಂದು ಕಾಲಿಡುವಷ್ಟರಲ್ಲೇ, "ಬರೂ ವಾರದಿಂದ ನಿಮಗ ರಾತ್ರಿ ಪಾಳಿ ಐತ್ರಿ. ತರಗತಿ ಬಿಟ್ಟು ಬರೂ ಮುಂದ ಬೋರ್ಡಿನ್ಯಾಗ ಓದಿ ಬಂದೇನಿ" ಎಂದಳು. ಎಷ್ಟು ಖುಷಿಯಿತ್ತು ಆ ಮುಖದಲ್ಲಿ! ನಾನು "ಹೌದೇನು?" ಎಂದೆ. ನೀರನ್ನು ನಾನೇ ತುಂಬಿಕೊಂಡು ಕುಡಿದೆ.

ತರಗತಿ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಮುಚ್ಚಿದರೆ ಗಿರಿಜಾಬಾಯಿ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ನನ್ನ ಬೇಡಿಕೆ ಇಷ್ಟೇ. ಒಂದೇ ತರಹ ಕೇಳಿಸುವ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲವೆಂದು ತಾವೇ ಹೇಳುತ್ತೀರಿ. ಅವುಗಳಲ್ಲಿ ಒಂದೇ ಒಂದು ಜೋಡಿಯನ್ನು ಹೆಂಗಸರ ತರಗತಿಯಲ್ಲಿ ಹೇಳದೆ ಉಳಿಸಿ, ನನಗೊಬ್ಬನಿಗೆ ಗುಟ್ಟಾಗಿ ಕಲಿಸಿರಿ. ಮುಂದೆ ಎಂದಾದರೂ ಅದು ಬೋರ್ಡಿನ ಮೇಲೆ ಬರಲಿ. ಗಿರಿಜೆ ಮನೆಗೆ ಬಂದು, "ಹಿಂಗಂದ್ರ ಏನ್ರಿ?" ಎಂದು ಕೇಳಲಿ. ನಾನು ತಟ್ಟನೆ ಹೇಳುವುದಿಲ್ಲ. ಚಹಾ ಮಾಡು, ಹೇಳ್ತೇನಿ ಎನ್ನುತ್ತೇನೆ.

ಇದು ಪತ್ರಿಕೆಯಲ್ಲಿ ಅಚ್ಚಾದರೆ ಆಕೆಯೂ ಓದುತ್ತಾಳೆ, ನನ್ನ ಗುಟ್ಟು ರಟ್ಟಾಗುತ್ತದೆ. ಆ ಬುದ್ಧಿ ನನಗಿಲ್ಲವೆಂದು ತಿಳಿಯಬೇಡಿ. ಓದಲಿ. ಓದಿ ಅಂದಿನಂತೆ ಕಣ್ಣಲ್ಲಿ ನೀರು ಬರುವ ಹಾಗೆ ನಗಲಿ. ಆ ಒಂದು ನಗುವಾದರೂ ನನ್ನದಾಗುತ್ತದೆ.

ಇಂತಿ, ಉತ್ತರಕ್ಕಾಗಿ ಬಾಕಿನ ಮೇಲೆ ಕೂತು ಕಾಯುತ್ತಿರುವ,
ಒಂದು ಕಾಲದ ನೋಟೀಸು ಓದುಗ
ಮಲಕಪ್ಪ
ಗಿರಣಿ ವಸತಿ, ದಾಂಡೇಲಿ