ಅರ್ವಿಡ್ ಹೌಗೆನ್‌ಗೆ ನಾಲ್ಕು ಸಾಲು

ಡುಲೂತ್, ಮಿನೆಸೋಟ

ಸಂಪಾದಕ ಬ್ರೆಂಟ್ ಕೊವಾಲ್ಚಿಕ್ ಅವರಿಗೆ,

ನನ್ನ ಗಂಡ ಅರ್ವಿಡ್ ತೀರಿಕೊಂಡ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದು ನಿಮ್ಮ ಹವ್ಯಾಸಿ ರೇಡಿಯೊ ಪತ್ರಿಕೆಗೆ ಕಳಿಸಿದ್ದೆ. ನೀವು ಫೋನ್ ಮಾಡಿ, "ಅಗಲಿದವರ ಅಂಕಣ ನಿಲ್ಲಿಸಿಬಿಟ್ವಿ ಮೇಡಂ, ಓದೋಕೆ ಬೇಜಾರಂತೆ. ಅವರ ರೇಡಿಯೊ ಸೆಟ್ಟುಗಳನ್ನ ಮಾರೋದಿದ್ರೆ ಹೇಳಿ, ಜಾಹೀರಾತು ಚೆನ್ನಾಗಿ ಹಾಕೋಣ" ಎಂದಿರಿ. ಗಂಡನನ್ನು ಮಣ್ಣು ಮಾಡಿ ಬಂದವಳಿಗೆ ಇಂಥ ಮಾತು ಹೇಳಲು ವಿಶೇಷ ಪ್ರತಿಭೆಯೇ ಬೇಕು.

ಹಿಂದೆ ನಿಮ್ಮ ಪತ್ರಿಕೆ ಓದಿ ಜನ ಅಡುಗೆಮನೆಯ ಮೇಜಿನ ಮೇಲೆ ರೇಡಿಯೊ ಕಟ್ಟುತ್ತಿದ್ದರು. ಅರ್ವಿಡ್ ಬರೆದುಕೊಟ್ಟ ನಕ್ಷೆಗಳನ್ನು ನೋಡಿ ಕಲಿತವರು ಎಷ್ಟೋ ಮಂದಿ. ಈಗಿನ ಸಂಚಿಕೆ ಓದಿದರೆ, ಅಂಗಡಿಯಿಂದ ಬಂದ ಪೆಟ್ಟಿಗೆ ಬಿಚ್ಚುವುದನ್ನು ಕಲಿಯಬಹುದು, ಅಷ್ಟೇ.

ರೇಡಿಯೊ ನಡೆಸುವ ಲೈಸೆನ್ಸ್ ನನಗೂ ಇದೆ, ಬಳಸಿದ್ದು ಕಡಿಮೆ. ಭಾನುವಾರ ಬೆಳಿಗ್ಗೆ ಅರ್ವಿಡ್‌ರ ಗೆಳೆಯರು ರೇಡಿಯೊದಲ್ಲಿ ಸೇರುವ ಹೊತ್ತಿಗೆ ಅವರ ಕುರ್ಚಿಯಲ್ಲಿ ಕೂತು, ಮೋರ್ಸ್ ಸಂಕೇತದಲ್ಲಿ ಸುದ್ದಿ ತಿಳಿಸಿದೆ. ಅಭ್ಯಾಸವಿಲ್ಲದೆ ಅಕ್ಷರಗಳು ತಪ್ಪಿದವು. ಯಾರೂ ಅವಸರಪಡಿಸಲಿಲ್ಲ. ಆಮೇಲೆ ನೋವಾ ಸ್ಕೋಷಿಯಾದಿಂದ ಅರಿಜೋನಾವರೆಗೆ ಒಬ್ಬೊಬ್ಬರೂ ಅವರಿಗೆ ವಿದಾಯವಾಗಿ ತಮ್ಮ ರೇಡಿಯೊ ಗುರುತಿನ ಅಕ್ಷರಗಳನ್ನಷ್ಟೇ ಕಳಿಸಿದರು. ಅವನ್ನು ಕೇಳುತ್ತಾ ನಾನು ಮೊದಲ ಸಲ ಅತ್ತೆ. ಕೊನೆಗೆ ಸಸ್ಕ್ಯಾಚೆವಾನ್‌ನ ಮುದುಕನೊಬ್ಬ ಸಂಕೇತದಲ್ಲೇ ಕೇಳಿದ: "ಲೋರ್ನಾ, ಮುಂದಿನ ವಾರಾನೂ ಬರ್ತೀಯಲ್ಲಮ್ಮ?"

ಬರ್ತೀನಿ ಎಂದೆ.

ನಿಮ್ಮ ಪತ್ರಿಕೆ ಇನ್ನೂ ಅರ್ವಿಡ್ ಹೆಸರಿಗೇ ಬರುತ್ತಿದೆ. ದಯವಿಟ್ಟು ನಿಲ್ಲಿಸಿ. ಇದಕ್ಕೆ ಉತ್ತರ ಕೊಡಬೇಕೆನಿಸಿದರೆ ಭಾನುವಾರ ಬೆಳಿಗ್ಗೆ ಮಾತ್ರ ಫೋನ್ ಮಾಡಬೇಡಿ. ಆಗ ರೇಡಿಯೊದಲ್ಲಿ ನಮ್ಮವರು ಬಂದಿರುತ್ತಾರೆ.

ಲೋರ್ನಾ ಹೌಗೆನ್