ಮೇಲಕ್ಕೆ ಹತ್ತಿ ಎಂಬ ಬೋರ್ಡು

ಫೆಬ್ರವರಿ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ‘ನಾನು ಚೆನ್ನಾಗಿದ್ದೇನೆ’ ಎಂದು ಬರೆಯಲು ಹೋಗಿ ಅಲ್ಲೇ ಪೆನ್ನು ನಿಂತಿತು. ತಡವಾಯಿತು, ಬೈಯಬೇಡ. ಭೂಕಂಪದಲ್ಲಿ ಭಾವ ಹೋಗಿ ನಾಳೆಗೆ ಐದು ವಾರ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಾಕಿದೆ. ನೀನು ಬಾಣಂತನ ಮಾಡಲು ಹೋಗಿರುವ ಆ ಮನೆಯಲ್ಲಿ ಮಗಳು ಹೇಗಿದ್ದಾಳೆ? ಮೊಮ್ಮಗಳು ಮುಖ ನೋಡಿ ನಗಲು ಶುರು ಮಾಡಿದಳೇ?

ಫೋನ್ ಮಾಡಿದಾಗಲೆಲ್ಲ ನೀನು ಕೇಳುವುದು ಒಂದೇ ಮಾತು. “ಹಳ್ಳದ ಪಕ್ಕದ ನಮ್ಮನೆ ಒಂದು ಹೆಂಚೂ ಜಾರದೆ ನಿಂತಿದೆಯಲ್ಲೋ. ಈ ಮನುಷ್ಯ ಹೊಲಿಗೆ ಬಿಟ್ಟು ಗುಡ್ಡದ ತುದಿಗೆ ಯಾಕೆ ಹೋಗಿ ಕೂತರು? ಯಾವತ್ತೂ ಹೀಗೇ, ಹಠಮಾರಿ. ಯಾರ ಮಾತೂ ಕೇಳಲ್ಲ!” ಇಷ್ಟು ಹೇಳಿ ಅಳುತ್ತಾ ಫೋನ್ ಇಟ್ಟುಬಿಡುತ್ತೀಯ. ಅದಕ್ಕೆ ಉತ್ತರ ಕೊಡಲೇಬೇಕು ಎಂದು ಕೂತಿದ್ದೇನೆ.

ಮೊನ್ನೆ ನಿಮ್ಮ ಮನೆಗೆ ಹೋಗಿದ್ದೆ. ಹೊಲಿಗೆ ಮಷೀನಿನ ಸೂಜಿಯ ಕೆಳಗೆ ಯಾರದೋ ಶರ್ಟಿನ ತೋಳು ಅರ್ಧಕ್ಕೇ ಇದೆ. ಕಿಟಕಿಯ ಮೇಲಿನ ಗುಂಡಿ ಡಬ್ಬಿ ಕೂಡ ಬಿದ್ದಿಲ್ಲ. ಹೊರಗೆ ಬಂದು ತಲೆ ಎತ್ತಿದರೆ ನೀರಿನ ಟ್ಯಾಂಕ್ ಇದ್ದ ನೆತ್ತಿಯೇ ಇಲ್ಲ. ಟ್ಯಾಂಕ್, ಮರ, ಭಾವ ಎಲ್ಲವನ್ನೂ ಹೊತ್ತುಕೊಂಡು ಆಚೆ ಬದಿಗೆ ಜಾರಿಬಿಟ್ಟಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅಕ್ಕ, ನನಗೆ ಇದು ಅರ್ಥವಾಗುತ್ತಲೇ ಇಲ್ಲ. ರಸ್ತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಗುಡ್ಡ ಕಾದವನು ನಾನು. ಭಾವ ತಮಾಷೆಗೆ ಕರೆಯುತ್ತಿದ್ದದ್ದೇ ‘ಗುಡ್ಡದ ಡಾಕ್ಟ್ರು’ ಎಂದು. ಆದರೆ ನಾನು ಕಂಡ ಕುಸಿತವೆಲ್ಲ ಮಳೆಯದು. ನೀರು ಇಂಗಿ ಮಣ್ಣು ಭಾರವಾಗುತ್ತದೆ, ಹಳ್ಳ ಬುಡ ಕೊರೆಯುತ್ತದೆ, ಹಳ್ಳದ ಬದಿಯೇ ಮೊದಲು ಹೋಗುತ್ತದೆ. ಅದಕ್ಕೇ ‘ಅಪಾಯ ಕಂಡರೆ ಮೇಲಕ್ಕೆ ಹತ್ತಿ’ ಎಂದು ದಾರಿಯುದ್ದಕ್ಕೂ ಹನ್ನೊಂದು ಬೋರ್ಡು ಬರೆಸಿದ್ದೆ. ಆವತ್ತು ಒಂದು ಹನಿ ಮಳೆಯಿರಲಿಲ್ಲ.

ಕುಸಿದ ಜಾಗದ ಪರಿಶೀಲನೆಗೆಂದು ಭೂವಿಜ್ಞಾನದ ಮೇಡಂ ಬಂದಿದ್ದರು. ನಮ್ಮ ಮಗಳ ವಯಸ್ಸಿನವರು. ನನ್ನನ್ನು ಏಣಿ ಹತ್ತಿಸಿ, ಬುಡ ಹಿಡಿದು ಚೂರೇ ಚೂರು ಅಲ್ಲಾಡಿಸಿದರು. ಮೇಲೆ ನನ್ನ ಜೀವ ಬಾಯಿಗೆ ಬಂತು.

“ಗುಡ್ಡಾನೂ ಹೀಗೇ ಸರ್. ನಡುಕ ಮೇಲೇರ್ತಾ ಜೋರಾಗುತ್ತೆ. ನೆತ್ತಿ ಕಿರಿದು, ಎರಡೂ ಪಕ್ಕ ಆಸರೆ ಇಲ್ಲ. ಅದಕ್ಕೇ ಭೂಕಂಪದ ಕುಸಿತ ಎಷ್ಟೋ ಸಲ ಮೇಲಿಂದಲೇ ಶುರುವಾಗುತ್ತೆ” ಎಂದರು.

“ಹಾಗಾದ್ರೆ ‘ಕೆಳಗೆ ಇಳೀರಿ’ ಅಂತ ಬರೆಸ್ಲಾ?”

“ಅಯ್ಯೋ ಬೇಡಿ! ಬಿದ್ದದ್ದೆಲ್ಲ ಕೆಳಗೇ ತಾನೇ ಬರೋದು? ಕಡಿದಾದ ಇಳಿಜಾರು, ಬಿರುಕು ಬಿಟ್ಟ ಬಂಡೆ ಎಲ್ಲೆಲ್ಲಿದೆ ಅಂತ ನೋಡಿ, ಒಂದೊಂದು ಜಾಗಕ್ಕೆ ಒಂದೊಂದು ಹೇಳಬೇಕು.”

ಎದುರಿನ ಗುಡ್ಡ ಗಟ್ಟಿ ಕಲ್ಲಿನದಂತೆ, ಅದರ ನೆತ್ತಿ ಹಾಗೇ ಇದೆ. ಮೇಲೂ ಅಲ್ಲ, ಕೆಳಗೂ ಅಲ್ಲ ಎಂದರೆ ಜನ ಎಲ್ಲಿಗೆ ಓಡಬೇಕು? ಹನ್ನೊಂದು ಬೋರ್ಡಿಗೂ ಬಿಳಿ ಬಣ್ಣ ಬಳಿಸಿದ್ದೇನೆ. ಪೇಂಟರ್ ದಿನಾ ಬ್ರಷ್ ಹಿಡಿದು “ಏನ್ ಬರೀಲಿ ಸಾರ್?” ಎನ್ನುತ್ತಾನೆ. ನಾನು ದಿನಾ “ನಾಳೆ ಹೇಳ್ತೀನಿ” ಎನ್ನುತ್ತೇನೆ. ತಲೆ ಕೆಟ್ಟು ಮೊಸರುಗಡಿಗೆಯಾಗಿದೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳಿಗೂ ಮಗುವಿಗೂ ನನ್ನ ಆಶೀರ್ವಾದ, ನೂರು ವರ್ಷ ಬಾಳಲಿ. ನಿನ್ನ ಆಶೀರ್ವಾದ ಕೇಳುವ ಧೈರ್ಯ ಇವತ್ತು ನನಗಿಲ್ಲ.

ಇಂತಿ,
ನಿನ್ನ ತಮ್ಮ

ವಿ. ಸೂ.: ಆವತ್ತು ಬೆಳಿಗ್ಗೆ ಮೊದಲು ಒಂದು ಸಣ್ಣ ನಡುಕ ಬಂದಿತ್ತು. ಆಗ ಭಾವ ನನಗೆ ಫೋನ್ ಮಾಡಿದ್ದರು. “ಏನ್ ಗುಡ್ಡದ ಡಾಕ್ಟ್ರೇ, ನಿಮ್ಮ ರೋಗಿ ಯಾಕೋ ನಡುಗ್ತಿದ್ದಾನೆ. ಒಂದು ತೋಳು ಬಾಕಿ ಇದೆ. ಮುಗಿಸ್ಲಾ, ಹೊರಡ್ಲಾ?” ಎಂದು ನಗುತ್ತಲೇ ಕೇಳಿದರು. “ತೋಳು ಆಮೇಲೆ ಹೊಲೀರಿ ಭಾವ, ಮೊದಲು ಟ್ಯಾಂಕ್ ಹತ್ರ ಹತ್ತಿ” ಎಂದು ಗದರಿದವನು ನಾನೇ. ಯಾರ ಮಾತೂ ಕೇಳದವರು ಆವತ್ತು ನನ್ನ ಮಾತು ಕೇಳಿದರು. ಇನ್ನು ಮೇಲೆ ಅವರನ್ನು ಬೈಯಬೇಡ ಅಕ್ಕ.